ಕಾಫಿ ಕಲೆ ಸಹಿತ ಬೆಂಗಳೂರು

ನಮ್ಮ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಕಳೆದ ವಾರದಿಂದ 1791ರ ಬೆಂಗಳೂರು ತೂಗಾಡುತ್ತಿದೆ. ನಿರ್ವಹಣಾ ನಿಧಿಯಿಂದ ಒಂಬತ್ತು ಸಾವಿರ ರೂಪಾಯಿ ತೆತ್ತು ತರಿಸಿದ ಈ ‘ಪುರಾತನ ನಕ್ಷೆ’ಯನ್ನು ನಿವಾಸಿಗಳ ಸಂಘದ ಅಧ್ಯಕ್ಷರು ಅನಾವರಣಗೊಳಿಸಿ, ಇದು ನಮ್ಮ ಪರಂಪರೆ ಎಂದು ಗದ್ಗದಿತರಾದರು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯವು ನಮ್ಮ ಪೇಟೆಯನ್ನೂ ಕೋಟೆಯನ್ನೂ ಹೇಗೆ ಹಿಡಿಯಿತು ಎಂಬುದನ್ನು ತೋರಿಸಲು, ಕಂಪನಿಯ ಸೇವೆಯಲ್ಲಿದ್ದ ಕ್ಲಾಡ್ ಮಾರ್ಟಿನ್ ಎಂಬ ಫ್ರೆಂಚ್ ಅಧಿಕಾರಿ ಬರೆದ ನಕ್ಷೆಯದು. ಕನ್ನ ಹಾಕಿದವನು ಬರೆದಿಟ್ಟುಕೊಂಡ ಮನೆಯ ನಕ್ಷೆಯನ್ನು ದೇವರ ಪಟದ ಪಕ್ಕದಲ್ಲಿ ನೇತುಹಾಕುವ ಔದಾರ್ಯ ನಮಗಲ್ಲದೆ ಇನ್ನಾರಿಗೆ ಬಂದೀತು?

ಪ್ರತಿಯ ಕೈಚಳಕವನ್ನಂತೂ ಮೆಚ್ಚಲೇಬೇಕು. ಅಂದಿನವರು ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆದು, ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ತೇವ ಮಾಡಿದ ಕಾಗದವನ್ನು ಹೊದಿಸಿ ಬಲವಾಗಿ ಒತ್ತುತ್ತಿದ್ದರು. ಆಗ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಮೂಡಿ ಬೆರಳಿಗೆ ಸಿಗುತ್ತಿತ್ತು. ನಮ್ಮ ಪ್ರತಿಯಲ್ಲೂ ಅದಿದೆ, ಆದರೆ ಅದು ತಗ್ಗಲ್ಲ, ತಗ್ಗಿನ ನೆರಳಿನ ಫೋಟೊ. ಹಳೆಯ ಹಾಳೆಯನ್ನು ಮಡಿಚಿಟ್ಟಿದ್ದ ಗೆರೆಗಳು, ಎಂದೂ ಮಡಿಚದ ಕ್ಯಾನ್ವಾಸಿನ ಮೇಲೆ ಅಚ್ಚಾಗಿವೆ. ಬಲಮೂಲೆಯಲ್ಲಿ ಡಿಕಾಕ್ಷನ್ ಬಣ್ಣದ ಒಂದು ಕಲೆಯೂ ಇದೆ. ಎರಡನೆಯ ಬ್ಲಾಕಿನಲ್ಲಿ ತೂಗುಹಾಕಿರುವ ಪ್ರತಿಯಲ್ಲೂ ಅದೇ ಮೂಲೆಯಲ್ಲಿ, ಅದೇ ಆಕಾರದ ಕಲೆಯನ್ನು ಕಂಡಾಗ, ಇನ್ನೂರು ವರ್ಷಗಳಿಂದ ಇಷ್ಟು ಶಿಸ್ತಾಗಿ ಕಾಫಿ ಚೆಲ್ಲಿಕೊಂಡು ಬಂದವರ ಬಗ್ಗೆ ನನಗೆ ಗೌರವ ಮೂಡಿತು.

ನಕ್ಷೆಯಲ್ಲಿ ಕೆರೆಗಳೂ ಇವೆ. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು ಎಲ್ಲರಿಗೂ ತಿಳಿದ ಕಥೆಯೇ. ಆದರೆ ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ಇದೇ ಸಂಘದ ಸಭೆಗೆ ಕಂದಾಯ ಇಲಾಖೆಯ ಗ್ರಾಮನಕ್ಷೆಯ ಜೆರಾಕ್ಸ್ ತಂದು, ನಮ್ಮ ನೆಲಮಾಳಿಗೆಯ ಪಾರ್ಕಿಂಗ್ ಇರುವುದು ಮಳೆನೀರು ಹರಿಯುವ ರಾಜಕಾಲುವೆಯ ಮೇಲೆ ಎಂದು ಬೆರಳಿಟ್ಟು ತೋರಿಸಿದಾಗ, ಇಂಥ ಹಳೆಯ ನಕ್ಷೆಗಳನ್ನು ಈಗ ಯಾರು ನಂಬುತ್ತಾರೆ, ಫ್ಲ್ಯಾಟಿನ ಬೆಲೆ ಬಿದ್ದೀತು, ಮಡಿಚಿಡಿ ಎಂದು ಅವರನ್ನು ಕೂರಿಸಲಾಯಿತು. ಆ ಹಾಳೆಗೆ ಚೌಕಟ್ಟೂ ಇರಲಿಲ್ಲ, ಕಾಫಿಯ ಕಲೆಯೂ ಇರಲಿಲ್ಲ.

ಇದರಲ್ಲಿ ನಗುವಂಥದ್ದೇನೂ ಇಲ್ಲ. 2022ರ ಸೆಪ್ಟೆಂಬರಿನ ನೆರೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಕೋಟಿ ಬೆಲೆಯ ಮನೆಗಳವರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ನಾವೆಲ್ಲರೂ ಕಂಡೆವು. ಕೆರೆಯಿಂದ ಕೆರೆಗೆ ಹರಿಯುವ ದಾರಿ ನೀರಿಗೆ ನೆನಪಿತ್ತು. ಅದನ್ನು ಮರೆತವರು ನಾವು. ಮರೆತೆವೆಂಬುದೂ ಸುಳ್ಳು, ಗೊತ್ತಿದ್ದೂ ಮಾರಿದೆವು, ಗೊತ್ತಿದ್ದೂ ಕೊಂಡೆವು. ಅಂದಿನ ಸಭೆಯಲ್ಲಿ ಮಡಿಚಿಡಿ ಎಂದವರಲ್ಲಿ ನಾನೂ ಒಬ್ಬ.

ಮೊನ್ನೆಯ ಮಳೆಗೆ ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಸಂಘವು ತುರ್ತುಸಭೆ ಸೇರಿ, ತೇವಕ್ಕೆ ಹಾಳಾಗದಿರಲೆಂದು ನಕ್ಷೆಯನ್ನು ಮೊದಲ ಮಹಡಿಗೆ ಸಾಗಿಸುವ ಠರಾವನ್ನು ಅವಿರೋಧವಾಗಿ ಅಂಗೀಕರಿಸಿದೆ.