ಕಂತು ಅವರದು, ರೀಡಿಂಗ್ ನಮ್ಮದು

ಮೈಸೂರಿನ ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಅಂದ್ರೆ ತಿಂಗಳ ಶುರುವಿಗೆ ಗೇಟಿನ ಹತ್ತಿರ ಒಂದು ಕೂಗು. ಮೀಟರ್ ನೋಡಿದವರು ಕೈಲಿದ್ದ ಮೆಷೀನಿನಿಂದ ಚೀಟಿ ಹರಿದು ಕೊಡುತ್ತಿದ್ದರು. ಅಮ್ಮ ಅದನ್ನು ತಂತಿಗೆ ಚುಚ್ಚುವ ಮುಂಚೆ ಹೋದ ತಿಂಗಳ ಯೂನಿಟ್ ಜೊತೆ ತಾಳೆ ನೋಡುತ್ತಿದ್ದಳು. ಹತ್ತು ಜಾಸ್ತಿಯಾದರೆ ಗೀಸರ್ ಮೇಲೆ ಕಣ್ಣು.

ಈಗ ನಾವಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆ ಕೂಗಿಲ್ಲ. ವರ್ಷಕ್ಕೆ ಎಷ್ಟಾಗಬಹುದು ಎಂದು ಕಂಪನಿಯೇ ಅಂದಾಜು ಮಾಡುತ್ತದೆ. ಅದನ್ನು ಹನ್ನೆರಡು ಕಂತು ಮಾಡಿ ಡೈರೆಕ್ಟ್ ಡೆಬಿಟ್‌ನಲ್ಲಿ, ಅಂದ್ರೆ ನಮ್ಮ ಬ್ಯಾಂಕ್ ಖಾತೆಯಿಂದ ತಾನೇ, ತೆಗೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಉಳಿದದ್ದು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಹೀಟಿಂಗಿಗೆ ಆಗುತ್ತದೆ. ಈ ಪದ್ಧತಿ ನನಗೆ ನಿಜಕ್ಕೂ ಇಷ್ಟ. ಜನವರಿಯಲ್ಲಿ ಸಂಬಳ ಸಾಲದು ಅನ್ನೋ ಭಯ ಇಲ್ಲ.

ಆದರೆ ಅಂದಾಜು ತಪ್ಪಿದರೆ? ನಮಗೆ ಮೊದಲ ಚಳಿಗಾಲದಲ್ಲೇ ಹಾಗಾಯಿತು. ಬಿಲ್ಲಿನಲ್ಲಿ ರೀಡಿಂಗ್ ಪಕ್ಕ ‘ಇ’ ಅಂತ ಒಂದಕ್ಷರ ಇತ್ತು. ಎಸ್ಟಿಮೇಟೆಡ್, ಅಂದ್ರೆ ಅಂದಾಜಿನ ರೀಡಿಂಗ್, ಅಂತ ಅದರರ್ಥ. ನಾವು ಗಮನಿಸಲೇ ಇಲ್ಲ. ಏಪ್ರಿಲ್‌ನಲ್ಲಿ 310 ಪೌಂಡ್ ಬಾಕಿ ಎಂದು ಪತ್ರ ಬಂತು. ಆ ರಾತ್ರಿ ಮೆಟ್ಟಿಲ ಕೆಳಗಿನ ಕಪಾಟಿಗೆ ನುಗ್ಗಿ, ಮೊಬೈಲ್ ಟಾರ್ಚ್ ಹಿಡಿದು, ಮೊದಲ ಸಲ ನಮ್ಮ ಮೀಟರ್ ನೋಡಿದೆವು. ನಾನು ಒಂದೊಂದೇ ಅಂಕಿ ಓದಿದೆ, ಮಗಳು ಕ್ಯಾಲೆಂಡರ್ ಮೇಲೆ ಬರೆದುಕೊಂಡಳು. ಈಗಲೂ ಪ್ರತಿ ತಿಂಗಳು ಬರೆದು ಕಂಪನಿಗೆ ಕಳಿಸುತ್ತೇವೆ. ಅಂದಹಾಗೆ, ಗ್ಯಾಸ್ ಮೀಟರ್ ತೋರಿಸೋದು ಕ್ಯೂಬಿಕ್ ಮೀಟರ್, ಬಿಲ್ ಬರೋದು ಕರೆಂಟಿನ ಹಾಗೇ ಯೂನಿಟ್ (ಕಿಲೋವ್ಯಾಟ್ ಅವರ್) ಲೆಕ್ಕದಲ್ಲಿ. ಒಂದು ಕ್ಯೂಬಿಕ್ ಮೀಟರ್ ಅಂದ್ರೆ ಸುಮಾರು 11 ಯೂನಿಟ್.

ಹೊಸದಾಗಿ ಬಂದ ನಮ್ಮವರು ‘ಪ್ರೈಸ್ ಕ್ಯಾಪ್’ (ದರದ ಮಿತಿ) ಎಂಬ ಮಾತನ್ನು ನಂಬಿ ನಿಶ್ಚಿಂತೆಯಿಂದ ಇರುತ್ತಾರೆ. ಅದು ಬಿಲ್ಲಿಗೆ ಹಾಕಿದ ಮಿತಿ ಅಲ್ಲ. ಇಲ್ಲಿನ ಕರೆಂಟ್-ಗ್ಯಾಸ್ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಮೂರು ತಿಂಗಳಿಗೊಮ್ಮೆ ಮಿತಿ ಹಾಕೋದು ಯೂನಿಟ್ ದರಕ್ಕೆ ಮತ್ತು ಬಳಸದಿದ್ದರೂ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ. ಜಾಸ್ತಿ ಉರಿಸಿದರೆ ಜಾಸ್ತಿ ಕಟ್ಟಲೇಬೇಕು.

ಊರಲ್ಲಿ ಅಮ್ಮನಿಗೆ 2023ರಿಂದ ಗೃಹಜ್ಯೋತಿಯ ಸೊನ್ನೆ ಬಿಲ್. ಅವಳ ಕೈ ಹಗುರಾಯಿತು, ಸಂತೋಷ. ಆದರೆ ಯೂನಿಟ್ ತಾಳೆ ನೋಡುವ ಅಭ್ಯಾಸ ಹೋಗಿಬಿಟ್ಟಿತ್ತು. ಅವಳ ಹಳೆ ಸರಾಸರಿಯ ಮೇಲೆ ಶೇಕಡಾ 10ರಷ್ಟು ತನಕ ಮಾತ್ರ ಉಚಿತ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಅಲ್ವಾ? ಅದಕ್ಕೇ ಈಗ ತಿಂಗಳ ಮೊದಲ ಭಾನುವಾರ ಫೋನಿನಲ್ಲಿ ಇಬ್ಬರೂ ರೀಡಿಂಗ್ ಹೇಳಿಕೊಳ್ಳುತ್ತೇವೆ. ಈ ಸಲ ಅವಳ ಕರೆಂಟ್ 82 ಯೂನಿಟ್, ನಮ್ಮ ಗ್ಯಾಸ್ 61 ಕ್ಯೂಬಿಕ್ ಮೀಟರ್. “ಅಷ್ಟೊಂದು ಚಳೀನಾ ಅಲ್ಲಿ?” ಅಂತ ಕೇಳಿದಳು.