ಉಲ್ಟಾ ನೆಮ್ಮದಿ

ಎಡಗೈ ಹೆಬ್ಬೆರಳಿನ ಉಗುರಿನ ಸಂದೀಲಿ ನೀಲಿ ಇಂಕು ಕೂತು ಇವತ್ತಿಗೆ ಹನ್ನೆರಡು ದಿನ. ನಿಂಬೆಹಣ್ಣು ಉಜ್ಜಿದ್ದಾಯ್ತು, ಕೊಬ್ರಿ ಎಣ್ಣೆ ಹಚ್ಚಿದ್ದಾಯ್ತು, ಪಾತ್ರೆ ತಿಕ್ಕೋ ನಾರಿನಲ್ಲೂ ತಿಕ್ಕಿದ್ದಾಯ್ತು, ಚರ್ಮ ಹೋಯ್ತೇ ಹೊರತು ಇಂಕು ಹೋಗ್ಲಿಲ್ಲ. ಮೊನ್ನೆ ಹಾಲಿನ ಬೂತ್ ಹತ್ರ ಒಬ್ರು ನನ್ನ ಬೆರಳು ನೋಡಿ "ಎಲೆಕ್ಷನ್ ಯಾವಾಗಾಯ್ತು ಮೇಡಂ, ನಮಗೆ ಗೊತ್ತೇ ಆಗ್ಲಿಲ್ಲ" ಅಂದ್ರು. ನಾಲ್ವಡಿಯವರು 1937ರಲ್ಲಿ ಶುರು ಮಾಡಿದ ನಮ್ಮ ಮೈಸೂರಿನ ಕಾರ್ಖಾನೆಯಿಂದಾನೇ 1962ರ ಚುನಾವಣೆಯಿಂದ ಹಿಡಿದು ಇವತ್ತಿನವರೆಗೂ ವೋಟಿನ ಶಾಯಿ ಹೋಗ್ತಿರೋದು. ಅದನ್ನ ಮಾಡೋರು ಒಂದ್ಸಲ ನಮ್ಮನೆಗೆ ಬಂದು ನನ್ನ ಉಗುರು ನೋಡ್ಕೊಂಡು ಹೋಗ್ಲಿ, ಏನಾದ್ರೂ ಕಲಿಯೋದು ಸಿಗುತ್ತೆ.

ಇದೆಲ್ಲಾ ಶುರುವಾಗಿದ್ದು ಬೇಸಿಗೆ ರಜದಿಂದ. ಮಕ್ಕಳು ಮನೇಲಿದ್ರೆ ಒಂದೋ ಮೊಬೈಲು ಇಲ್ಲಾ ಜಗಳ, ಸಮ್ಮರ್ ಕ್ಯಾಂಪಿಗೆ ಹಾಕೋಣ ಅಂದ್ರೆ ಅವರು ಕೇಳೋ ಫೀಸಿಗೆ ನಾವು ನಾಲ್ಕೂ ಜನ ಊಟಿ ನೋಡ್ಕೊಂಡು ಬರ್ಬೋದು. ಹಂಗಾಗಿ ಮನೇಲೇ ಕ್ರಾಫ್ಟು ಅಂತ ಡಿಸೈಡ್ ಮಾಡಿದೆ. ಮೊದಲನೇ ವಾರ ಬೆಂಡೆಕಾಯಿ. ಅಡ್ಡಡ್ಡ ಕತ್ತರಿಸಿ ಪೇಂಟಲ್ಲಿ ಅದ್ದಿ ಒತ್ತಿದ್ರೆ ಐದೆಸಳಿನ ಹೂವು, ಎಷ್ಟು ಚೆಂದ ಅಂದ್ರೆ ಎರಡು ದಿನ ಮನೇಲಿ ಬೆಂಡೆಕಾಯಿ ಗೊಜ್ಜಿಗೆ ಬೆಂಡೆಕಾಯೇ ಉಳೀಲಿಲ್ಲ. ಆಮೇಲೆ ಆಲೂಗಡ್ಡೆ. ಅದರಲ್ಲಿ ನಕ್ಷತ್ರ, ಮೀನು ಎಲ್ಲಾ ಕೆತ್ತಿ ಒತ್ತಿದ ಹಾಳೆಗಳನ್ನ ಟೆರೇಸ್ ಮೇಲೆ ಒಣಗಿಸೋಕೆ ಇಟ್ರೆ, ಅಲ್ಲಿ ಆಗ್ಲೇ ಅತ್ತೆಯವರ ಹಳೇ ಸೀರೆ ಮೇಲೆ ಅರಳು ಸಂಡಿಗೆ ಒಣಗ್ತಿತ್ತು. ಒಂದು ಗಾಳಿ ಬೀಸ್ತು ನೋಡಿ. ಈಗ ನಮ್ಮನೇಲಿ ಸಂಡಿಗೆ ಕರಿದಾಗ ಹತ್ತಕ್ಕೊಂದರಲ್ಲಿ ಹಸಿರು ಮೀನಿನ ಬಾಲ ಇರುತ್ತೆ. ಅತ್ತೆ ಏನೂ ಅನ್ಲಿಲ್ಲ, ಆದ್ರೆ ಆ ಸಂಡಿಗೆಗಳನ್ನ ಹುಡುಕಿ ಹುಡುಕಿ ನನ್ನ ತಟ್ಟೆಗೇ ಹಾಕ್ತಾರೆ.

ಅಲ್ಲಿಗೆ ನಿಲ್ಸಿದ್ರೆ ನಾನು ಬುದ್ಧಿವಂತೆ. ನಿಲ್ಲಿಸ್ಲಿಲ್ಲ. ಯಾವುದೋ ವೀಡಿಯೋದಲ್ಲಿ ಲಿನೋಕಟ್ ನೋಡಿದೆ. ಸ್ಕೂಲ್ ಪುಸ್ತಕದಲ್ಲಿ ನೋಡಿರ್ತೀರಲ್ಲ, ಕಪ್ಪು ಹಿನ್ನೆಲೇಲಿ ಬಿಳೀ ಗೆರೆಗಳು, ಕೋಲು ಹಿಡ್ಕೊಂಡು ನಡೀತಿರೋ ಗಾಂಧೀಜಿ, 1930ರಲ್ಲಿ ನಂದಲಾಲ್ ಬೋಸ್ ಮಾಡಿದ್ದು, ಅದು ಲಿನೋಕಟ್ಟೇ. ಅಗಸೆ ಎಣ್ಣೆಗೆ ಬೆಂಡಿನ ಪುಡಿಗಿಡಿ ಸೇರಿಸಿ, ನೆಲಕ್ಕೆ ಹಾಸೋಕೆ ಅಂತ ಬ್ರಿಟನ್ನಲ್ಲಿ ಕಂಡುಹಿಡಿದ ಹಾಳೆ ಅದು. ಅದರ ಮೇಲೆ ಚಿತ್ರ ಬರೆದು, ಬೇಡದ್ದನ್ನೆಲ್ಲಾ ಸಣ್ಣ ಉಳಿಯಿಂದ ಕೆತ್ತಿ ತೆಗೆದು, ಉಳಿದಿದ್ದರ ಮೇಲೆ ರೋಲರಲ್ಲಿ ಇಂಕು ಹಚ್ಚಿ ಒತ್ತಬೇಕು, ಅಷ್ಟೇ. ಲಿನೋ ಬೆಚ್ಚಗಿದ್ರೆ ಬೆಣ್ಣೆ ಥರ ಕುಯ್ಯುತ್ತೆ ಅಂತ ಆ ವೀಡಿಯೋದವರು ಇಸ್ತ್ರಿಪೆಟ್ಟಿಗೆ ಇಡ್ತಿದ್ರು, ಪಾಪ ಚಳಿ ದೇಶದೋರು. ನಮಗೇನು ಬಿಡಿ, ಏಪ್ರಿಲಲ್ಲಿ ಕಿಟಕಿ ಹತ್ರ ಹತ್ತು ನಿಮಿಷ ಇಟ್ರೆ ಸಾಕು.

ಅದೇ ಟೈಮಲ್ಲಿ ಹಾಸನದಲ್ಲಿ ನಾದಿನಿ ಮನೆ ಗೃಹಪ್ರವೇಶ. ಮನೆ ಹೆಸರು "ನೆಮ್ಮದಿ". ತಾಂಬೂಲದ ಬ್ಯಾಗು ಎಲ್ಲಿ ಪ್ರಿಂಟ್ ಮಾಡಿಸೋದು ಅಂತ ಫೋನಲ್ಲಿ ಮಾತು ಬಂತು. ಆಗ ನನ್ನ ಬಾಯಿಂದ, ಯಾರೂ ಕೇಳದೇ ಇದ್ರೂ, "ಅಂಗಡೀಲಿ ಯಾಕೆ ದುಡ್ಡು ಸುರೀತೀರಾ, ನಾನೇ ಹ್ಯಾಂಡ್‌ಮೇಡ್ ಮಾಡಿಕೊಡ್ತೀನಿ" ಅನ್ನೋ ಮಾತು ಬಂತು. ನೂರು ಬಟ್ಟೆ ಬ್ಯಾಗು, ಒಂದಕ್ಕೆ ಮೂವತ್ತು ರೂಪಾಯಿ, ಕೊಂಡು ತಂದೂ ಆಯ್ತು.

ಈಗ ನಮ್ಮ ಮಾವನ ವಿಷಯಕ್ಕೆ ಬರ್ಲೇಬೇಕು, ಯಾಕಂದ್ರೆ ಅವರಿಲ್ದೆ ಈ ಕಥೇನೇ ಇಲ್ಲ. ಮಾವ ಮೂವತ್ತು ಚಿಲ್ಲರೆ ವರ್ಷ ಪ್ರೆಸ್ಸಲ್ಲಿ ಕಂಪೋಸಿಟರ್ ಆಗಿದ್ದೋರು. ಅಂದ್ರೆ ಒಂದೊಂದೇ ಅಚ್ಚುಮೊಳೆ ಹೆಕ್ಕಿ ಸಾಲು ಜೋಡಿಸೋ ಕೆಲಸ. ಪ್ರೆಸ್ಸು ಹೋಯ್ತು, ಮೊಳೆ ಹೋಯ್ತು, ಆದ್ರೆ ಶರ್ಟಿನ ಜೇಬಲ್ಲಿರೋ ಕೆಂಪು ಪೆನ್ನು ಮಾತ್ರ ಹೋಗಿಲ್ಲ. ಮನೆಗೆ ಯಾವ ಲಗ್ನಪತ್ರಿಕೆ ಬರ್ಲಿ, ಮೊದಲು ಹುಡುಗಿ ಯಾರು ಹುಡುಗ ಯಾರು ಅಂತ ನೋಡಲ್ಲ. "ಆರ್ಶೀವಾದ" ಅಂತ ಇದೆಯಾ ಅಂತ ನೋಡ್ತಾರೆ. ಇದ್ದೇ ಇರುತ್ತೆ. ಆಗ ಅವರ ಮುಖದಲ್ಲಿ ಬರೋ ಖುಷಿ ಇದ್ಯಲ್ಲ, ಮೊಮ್ಮಕ್ಕಳು ಹುಟ್ಟಿದಾಗ್ಲೂ ಅಷ್ಟು ಬಂದಿರ್ಲಿಲ್ಲ ಅಂತ ಅತ್ತೆ ಹೇಳ್ತಾರೆ. ರೌಂಡ್ ಹಾಕಿ, ಪಕ್ಕದಲ್ಲಿ ತಿದ್ದಿ ಬರೆದು, ಮಡಚಿ ಇಡ್ತಾರೆ. ಒಂದ್ಸಲವಂತೂ ತಿದ್ದಿದ ಪತ್ರಿಕೇನ ಮದುವೆ ಮನೆಗೇ ತಗೊಂಡು ಹೋಗಿ, ಮುಯ್ಯಿ ಕವರ್ ಜೊತೆ ಹುಡುಗಿ ಅಪ್ಪನ ಕೈಗೆ ಕೊಟ್ಟು ಬಂದಿದ್ರು. ಹೋಟೆಲ್ ಬೋರ್ಡಲ್ಲಿ "ಪುಲ್ ಮೀಲ್ಸ್" ಅಂತಿದ್ರೆ, ಒಳಗೆ ಕೂತು ಸಪ್ಲೈಯರ್ ಹತ್ರ ಗಂಭೀರವಾಗಿ "ಎರಡು ಪುಲ್ ಮೀಲ್ಸ್ ಕೊಡಪ್ಪ" ಅಂತಾರೆ. ಅವನಿಗೆ ಅರ್ಥ ಆಗಲ್ಲ, ಕೊಡ್ತಾನೆ, ನಾವು ತಟ್ಟೆ ನೋಡ್ಕೊಂಡು ಉಣ್ತೀವಿ.

ಇದನ್ನೆಲ್ಲಾ ಸಹಿಸ್ಬೋದು. ಸಹಿಸೋಕಾಗ್ದೇ ಇರೋದು ಏನಂದ್ರೆ ಮೊಳೆ ಜೋಡಿಸುವಾಗ ಅಕ್ಷರ ತಲೆಕೆಳಗಾಗೂ ಇರುತ್ತೆ, ಕನ್ನಡಿ ಒಳಗಿದ್ದ ಹಾಗೂ ಇರುತ್ತೆ, ಹಂಗೇ ಓದಿ ಓದಿ ಮಾವನಿಗೆ ಯಾವ ದಿಕ್ಕಿಂದ್ಲೂ ಓದೋಕೆ ಬರುತ್ತೆ. ಹೋದ ವರ್ಷ ಡೈನಿಂಗ್ ಟೇಬಲಲ್ಲಿ ಅವರ ಎದುರು ಕೂತು ನನ್ನ ಅಕ್ಕನಿಗೆ ಮೆಸೇಜ್ ಟೈಪ್ ಮಾಡ್ತಿದ್ದೆ. ಮಾವ ರಾಗಿಮುದ್ದೆ ಮುರೀತಾ, ತಲೆ ಕೂಡ ಎತ್ತದೆ, "ಕಿರಿಕಿರಿಗೆ ದೀರ್ಘ ಬೇಡ ಕಣಮ್ಮ" ಅಂದ್ರು. ನಾನು ಟೈಪ್ ಮಾಡಿದ್ದು "ಮಾವಂದು ಬರೀ ಕಿರೀಕಿರಿ" ಅಂತ. ಅವತ್ತಿಂದ ಟಾಯ್ಲೆಟ್ಟಲ್ಲಿ ಕೂತೇ ಮೆಸೇಜ್ ಮಾಡೋದು.

ಅಂಥ ಮಾವ, ಅತ್ತೆ ಜೊತೆ ನಂಜನಗೂಡಿಂದ ಬೇಸಿಗೆ ಕಳೆಯೋಕೆ ಬಂದು ಬಾಲ್ಕನೀಲಿ ಕೂತಿದ್ದಾಗಲೇ ನಾನು ನೆಮ್ಮದಿ ಕೆತ್ತೋಕೆ ಶುರು ಮಾಡಿದ್ದು. ಮೂರೇ ಅಕ್ಷರ, ಅದರಲ್ಲಿ ಮ್ಮ ಅನ್ನೋದು ಪ್ರಾಣ ಹಿಂಡ್ತು, ಒತ್ತಿನ ಆ ಸಣ್ಣ ಸುರುಳಿ ಎರಡು ಸಲ ಕಿತ್ತು ಬಂತು, ಮೂರನೇ ಸಲ ಹೊಸ ಲಿನೋ. ನಾಲ್ಕು ದಿನದ ಮಧ್ಯಾಹ್ನದ ನಿದ್ದೆ ಹೋಯ್ತು. ಮುಗಿದ ಮೇಲೆ ಬ್ಲಾಕ್ ಎತ್ತಿ ಹಿಡಿದು ನೋಡಿದ್ರೆ, ಆಹಾ, ನೆಮ್ಮದಿ! ದುಂಡುದುಂಡಗೆ, ನೀಟಾಗಿ, ನನ್ನ ಕೈಬರಹಕ್ಕಿಂತ ಚೆನ್ನಾಗಿ.

ಮಾವನಿಗೆ ತೋರಿಸಿದೆ. ಕನ್ನಡಕ ಸರಿ ಮಾಡ್ಕೊಂಡು ನೋಡಿ "ಇದು ಉಲ್ಟಾ ಇದೆಯಲ್ಲಮ್ಮ" ಅಂದ್ರು.

ಕೈಯಲ್ಲಿ ತಲೆಕೆಳಗಾಗಿ ಹಿಡ್ಕೊಂಡಿದ್ದಾರೇನೋ ಅಂತ ತಿರುಗಿಸಿ ಕೊಟ್ಟೆ. "ಈಗ ಸರಿ ಇದೆಯಾ ಮಾವ?"

"ಈಗ್ಲೂ ಉಲ್ಟಾನೇ."

ನಾನು ಇನ್ನೊಂದ್ಸಲ ನೋಡಿದೆ. ಸ್ಪಷ್ಟವಾಗಿ ಎಡದಿಂದ ಬಲಕ್ಕೆ ನೆಮ್ಮದಿ ಅಂತ ಇದೆ. "ಇಲ್ಲ ಮಾವ, ಓದೋಕೆ ಬರ್ತಿದೆ ನೋಡಿ" ಅಂದೆ, ಮಕ್ಕಳಿಗೆ ಹೇಳೋ ದನೀಲಿ. "ನಿನಗೆ ಓದೋಕೆ ಬರ್ತಿದೆ ಅಂದ್ರೇನೇ ಉಲ್ಟಾ ಕಣಮ್ಮ" ಅಂದ್ರು. ಅಯ್ಯೋ ಪಾಪ ಅನ್ನಿಸ್ತು ನನಗೆ. ಜನವರೀಲಿ ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಕಣ್ಣು ಕೂತಿಲ್ಲ ಅನ್ಕೊಂಡೆ. ರಾತ್ರಿ ಇವರ ಹತ್ರ ಮೆಲ್ಲಗೆ "ನಿಮ್ಮಪ್ಪನಿಗೆ ನೆಟ್ಟಗಿರೋದು ಉಲ್ಟಾ ಕಾಣ್ತಿದೆ, ಒಂದ್ಸಲ ಡಾಕ್ಟರಿಗೆ ತೋರಿಸಿ" ಅಂದೆ. ಇವರೂ ಗಾಬರಿಯಾಗಿ ಶನಿವಾರ ರಜೆ ಹಾಕಿ ಕರ್ಕೊಂಡು ಹೋದ್ರು. ಮಾವ ಅಲ್ಲಿ ಗೋಡೆಗೆ ಹಾಕಿದ ಚಾರ್ಟನ್ನ ಕೊನೇ ಸಾಲಿನ ತನಕ ಓದಿ, ಅದರ ಕೆಳಗೆ ಇರುವೆ ಸಾಲಿನ ಹಾಗೆ ಪ್ರಿಂಟಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿ ಎದ್ದು ಬಂದ್ರಂತೆ. ಫೀಸು ಐನೂರು ರೂಪಾಯಿ. ಹ್ಯಾಂಡ್‌ಮೇಡ್ ಬ್ಯಾಗಿನ ಖರ್ಚಿಗೆ ಅದನ್ನೂ ಸೇರಿಸಬೇಕು.

ನಿಮಗೆಲ್ಲಾ ಈಗಾಗ್ಲೇ ಗೊತ್ತಾಗಿರುತ್ತೆ. ಒತ್ತಿದಾಗ ಸರಿಯಾಗಿ ಬರ್ಬೇಕಾದ್ರೆ ಬ್ಲಾಕಲ್ಲಿ ಅಕ್ಷರ ಕನ್ನಡೀಲಿ ಕಂಡ ಹಾಗೆ ತಿರುಗಿರ್ಬೇಕು. ಅದಕ್ಕೇ ಟ್ರೇಸಿಂಗ್ ಪೇಪರಲ್ಲಿ ಬರೆದು, ಅದನ್ನ ಮಗುಚಿ ಹಾಕಿ ಲಿನೋ ಮೇಲೆ ಉಜ್ಜೋದು. ವೀಡಿಯೋದಲ್ಲಿ ಅದನ್ನ ಹೇಳಿದ್ರಂತೆ, ಆಮೇಲೆ ನೋಡಿದೆ, ನಾಲ್ಕನೇ ನಿಮಿಷದಲ್ಲಿ. ನಾನು ಆಗ ಕುಕ್ಕರ್ ಆಫ್ ಮಾಡೋಕೆ ಹೋಗಿದ್ದೆ.

ಸ್ಯಾಂಪಲ್ ನೋಡ್ಲಿಲ್ವಾ ಅಂತ ಕೇಳ್ಬೇಡಿ, ಎಲ್ಲರೂ ಕೇಳಿ ಆಗಿದೆ. ನೋಡಿದ್ದೆ. ಬಟರ್ ಪೇಪರ್ ಹಾಸಿ ಸ್ಟೀಲ್ ಚಮಚದ ಬೆನ್ನಲ್ಲಿ ಉಜ್ಜಿದ್ದೆ, ತೆಳ್ಳನೆ ಹಾಳೆ, ಇಂಕು ಹಿಂದಿನಿಂದಲೇ ಕಾಣ್ತಿತ್ತು, ಸರಿಯಾಗಿ ನೆಮ್ಮದಿ ಅಂತಾನೇ ಕಾಣ್ತಿತ್ತು. ತಿರುಗಿಸಿ ನೋಡ್ಬೇಕು ಅಂತ ಯಾರಿಗೆ ಹೊಳೆಯುತ್ತೆ? (ಆ ಚಮಚ ಆಮೇಲೆ ಸಾರಿನ ಪಾತ್ರೆ ಸೇರ್ತು, ಅದು ಬೇರೆ ಕಥೆ.)

ಭಾನುವಾರ ಪ್ರೊಡಕ್ಷನ್. ಮಗಳು ಇಂಕು ಹಚ್ಚೋದು, ಬ್ಲಾಕನ್ನ ಬ್ಯಾಗ್ ಮೇಲೆ ಕವುಚಿ ಇಡೋದು, ಮಗ ಅದರ ಮೇಲೆ ಹತ್ತಿ ನಿಲ್ಲೋದು. ಮನೇಲಿ ಪ್ರೆಸ್ ಇಲ್ಲ, ಇಪ್ಪತ್ತೆರಡು ಕೆಜಿಯ ಮಗ ಇದ್ದಾನೆ. ಸೆಖೆಗೆ ಇಂಕು ತಟ್ಟೇಲೇ ಒಣಗಿ ಹೋಗುತ್ತೆ ಬೇಗ ಬೇಗ ಮಾಡಿ ಅಂತ ಹೇಳಿ ನಾನು ಒಳಗೆ ಹೋದೆ, ಯಾಕಂದ್ರೆ ನಾದಿನಿ ಫೋನ್ ಮಾಡಿದ್ಲು, ಹೋಳಿಗೆನಾ ಜಹಾಂಗೀರ್ ಸಾಕಾ ಅಂತ ಚರ್ಚೆ, ಒಂದೂಕಾಲು ಗಂಟೆ. ಹೋಳಿಗೆ ಅಂತ ಫೈನಲ್ ಮಾಡಿ ಹೊರಗೆ ಬಂದ್ರೆ ಹಾಲ್ ತುಂಬಾ, ಸೋಫಾ ಮೇಲೆ, ಟಿವಿ ಮೇಲೆ, ಫ್ರಿಡ್ಜ್ ಹಿಡೀಲಿ, ನಲವತ್ತಮೂರು ಬ್ಯಾಗು. ಒಂದರಲ್ಲೂ ನೆಮ್ಮದಿ ಇಲ್ಲ. ದಿ ಈ ಕಡೆ, ನೆ ಆ ಕಡೆ, ಎಲ್ಲಾ ಅಕ್ಷರಗಳೂ ಬೆನ್ನು ತಿರುಗಿಸ್ಕೊಂಡು ಮುನಿಸಿಕೊಂಡ ಹಾಗೆ. ಒಂದು ಸೊನ್ನೆ ಇರೋ ಹೆಸರಿಟ್ಟಿದ್ರೆ ಅದೊಂದಾದ್ರೂ ನೆಟ್ಟಗೆ ಬಂದಿರೋದು.

ಮಗಳನ್ನ ಹಿಡ್ಕೊಂಡು ಕೇಳಿದೆ, "ಮೂರನೇ ಕ್ಲಾಸು ಮುಗಿದಿದೆ, ಇದು ಉಲ್ಟಾ ಅಂತ ಗೊತ್ತಾಗ್ಲಿಲ್ವಾ ನಿಂಗೆ?"

"ಅಮ್ಮ, ನಂಗೆ ಕನ್ನಡ ಯಾವಾಗ್ಲೂ ಹಿಂಗೇ ಕಾಣೋದು" ಅಂದ್ಲು.

ಬೈಯೋಕೆ ಬಾಯಿ ತೆಗೆದಿದ್ದೆ, ಹಂಗೇ ಮುಚ್ಚಿದೆ. ಆ ಸ್ಕೂಲಿಗೆ ಕ್ಯೂ ನಿಂತು ಸೀಟು ತಂದೋಳು ನಾನೇ. ಇವರು ಸಮಾಧಾನಕ್ಕೆ "ಆಂಬುಲೆನ್ಸ್ ಮೇಲೂ ಉಲ್ಟಾನೇ ಬರೆದಿರ್ತಾರೆ, ಯಾರಾದ್ರೂ ಬೈತಾರಾ" ಅಂದ್ರು. ಗೃಹಪ್ರವೇಶಕ್ಕೂ ಆಂಬುಲೆನ್ಸಿಗೂ ಏನು ಸಂಬಂಧ ಅಂತ ಅತ್ತೆ ಶಾಂತಿ ಮಂತ್ರ ಶುರು ಮಾಡಿದ್ರು. ಮಾವ ಬಾಲ್ಕನಿಯಿಂದ ಎದ್ದು ಬಂದು ಒಂದು ಬ್ಯಾಗ್ ಎತ್ತಿ ನೋಡಿದ್ರು. "ನಾನು ಹೇಳಿರ್ಲಿಲ್ವಾ" ಅಂತಾರೆ ಅಂತ ಕಾಯ್ತಿದ್ದೆ, ಅಂದಿದ್ರೆ ಅತ್ತು ಹಗುರ ಆಗ್ತಿದ್ದೆ. ಅನ್ಲಿಲ್ಲ. "ಪ್ರೂಫ್ ಯಾರಿಗೂ ತೋರಿಸ್ಲಿಲ್ವೇನಮ್ಮ?" ಅಂದ್ರು. ಇವತ್ತಿಗೂ ಆ ಮಾತು ನೆನೆಸ್ಕೊಂಡ್ರೆ ಮೈ ಉರಿಯುತ್ತೆ.

ರಾತ್ರಿ ಊಟ ಆದ್ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಮಾವ ಏನೋ ಬರೀತಿದ್ರು. ನೋಡಿದ್ರೆ ನೆಮ್ಮದಿ, ತಿರುಗಿ ಬಿದ್ದ ನೆಮ್ಮದಿ, ಕೆಂಪು ಪೆನ್ನಲ್ಲಿ, ಬಲಗಡೆಯಿಂದ ಎಡಕ್ಕೆ, ಎಲ್ಲೂ ಕೈ ನಿಲ್ಲಿಸ್ದೆ. ಕನ್ನಡಿ ಮುಂದೆ ಹಿಡಿದೆ, ಒಂದು ಕೊಂಬು ಕೂಡ ಹೆಚ್ಚುಕಮ್ಮಿ ಇಲ್ಲ. "1843ರಲ್ಲಿ ಮಂಗಳೂರಲ್ಲಿ ಮೋಗ್ಲಿಂಗ್ ಸಾಹೇಬ್ರು ನಮ್ಮ ಮೊದಲನೇ ಪತ್ರಿಕೆ ತಂದಾಗ ಮೊಳೆ ಎಲ್ಲಿತ್ತು, ಕಲ್ಲಿನ ಮೇಲೆ ಬರೆದು ಒತ್ತೋ ಕಲ್ಲಚ್ಚಲ್ಲೇ ಹಾಕಿದ್ದು" ಅಂದ್ರು, ಆ ಕಾಲದಲ್ಲಿ ತಾವೂ ಅಲ್ಲೇ ಡ್ಯೂಟೀಲಿ ಇದ್ದ ಹಾಗೆ. ಆಮೇಲೆ ಮಾತು ಅವರ ಪ್ರೆಸ್ಸಿಗೆ ಬಂತು. ಇಂಗ್ಲಿಷಿನೋರಿಗೇನು ಇಪ್ಪತ್ತಾರು ಅಕ್ಷರ, ಮೊಳೆ ಇಡೋ ನಮ್ಮ ಕೇಸಲ್ಲಿ ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಮನೆ, ಕಣ್ಣು ಮುಚ್ಚಿದ್ರೂ ಕೈ ಹೋಗ್ತಿತ್ತು ಅಂತ ಗಾಳಿಯಲ್ಲೇ ಬೆರಳು ಆಡಿಸಿ ತೋರಿಸಿದ್ರು. ಕಂಪ್ಯೂಟರು, ಆಫ್‌ಸೆಟ್ಟು ಬಂದ ಮೇಲೆ ಒಂದಿನ ಮಾಲೀಕರು ಮೊಳೆಗಳನ್ನೆಲ್ಲಾ ಗೋಣಿಚೀಲಕ್ಕೆ ತುಂಬಿಸಿ ಸೀಸದ ರೇಟಿಗೆ ತೂಕಕ್ಕೆ ಹಾಕಿದ್ರಂತೆ. ಹೊರಡುವಾಗ ಮಾವ ಒಂದು ಹಿಡಿ ಜೇಬಿಗೆ ಹಾಕ್ಕೊಳೋಣ ಅಂತ ಕೈ ಹಾಕಿದ್ರಂತೆ, ನಾಚಿಕೆಯಾಗಿ ಒಂದೇ ಒಂದು ತಗೊಂಡ್ರಂತೆ. ಮನೆಗೆ ಬಂದು ನೋಡಿದ್ರೆ ಅಕ್ಷರವೂ ಅಲ್ಲ, ಕಾಮಾ. ಕನ್ನಡಕದ ಡಬ್ಬಿಯಿಂದ ತೆಗೆದು ನನ್ನ ಅಂಗೈ ಮೇಲೆ ಇಟ್ರು, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ತುದೀಲಿ ಆ ಪುಟ್ಟ ಬಾಲ. ಮಗಳು ಬಂದು "ತಾತ, ಇದು ಉಲ್ಟಾನಾ ಸರಿನಾ" ಅಂದ್ಲು. ಮಾವ ಅವಳನ್ನ ತೊಡೆ ಮೇಲೆ ಕೂರಿಸ್ಕೊಂಡ್ರು.

ಆ ಹಾಳೆ ಇಟ್ಕೊಂಡು ಹೊಸ ಬ್ಲಾಕ್ ಕೆತ್ತಿದೆ. ಉಳಿದ ಐವತ್ತೇಳು ಬ್ಯಾಗು ಸರಿಯಾಗಿ ಬಂತು, ಪ್ರತಿಯೊಂದಕ್ಕೂ ಮಾವ ಪ್ರೂಫ್ ನೋಡಿದ್ರು, ಹೌದು, ಒಂದೇ ಬ್ಲಾಕಿಂದ ಬಂದ ಐವತ್ತೇಳಕ್ಕೂ. ಕಮ್ಮಿ ಬಿದ್ದ ನಲವತ್ತಮೂರನ್ನ ಅಂಗಡಿಯಿಂದ ತರಿಸಿದ್ವಿ, ಯಾವ ಅಂಗಡಿಗೆ ದುಡ್ಡು ಸುರೀಬೇಡಿ ಅಂದಿದ್ನೋ ಅದೇ ಅಂಗಡಿ. ಗೃಹಪ್ರವೇಶ ಚೆನ್ನಾಗಾಯ್ತು. ಹೋಳಿಗೆ ಸಾಲ್ಲಿಲ್ಲ.

ಉಲ್ಟಾ ಬ್ಯಾಗುಗಳು ಈಗ ನಮ್ಮನೇಲಿ ಎಲ್ಲದಕ್ಕೂ. ಅತ್ತೆ ಊರಿಗೆ ಹೊರಡುವಾಗ ಸಂಡಿಗೆ ತುಂಬಿಸಿದ್ದೂ ಅದರಲ್ಲೇ, ಇವರು ಜಿಮ್ಮಿಗೆ ಹೋಗೋದೂ ಅದರಲ್ಲೇ. ಇವತ್ತು ಬೆಳಗ್ಗೆ ದೇವರಾಜ ಮಾರ್ಕೆಟ್ಟಿಗೆ ನಾನೂ ಒಂದು ತಗೊಂಡು ಹೋಗಿದ್ದೆ. ತರಕಾರಿ ಹುಡುಗ ಟೊಮೇಟೊ ಹಾಕೋಕೆ ಬ್ಯಾಗ್ ಇಸ್ಕೊಂಡು, ಕತ್ತು ಈ ಕಡೆ ವಾಲಿಸಿ ನೋಡ್ದ, ಆ ಕಡೆ ವಾಲಿಸಿ ನೋಡ್ದ.

"ಇದು ಮಲಯಾಳನಾ ಅಕ್ಕ?"

"ಹೂಂ ಕಣಪ್ಪ, ಮಲಯಾಳ. ಅರ್ಧ ಕೆಜಿ ಬೆಂಡೆಕಾಯೂ ಹಾಕು."