ಎದುರು ಮನೆ ಕಾಕಾನ ಕರಿ ಕಾರು ಮತ್ತು ಒಂದು ಬನಿಯನ್

ಇವತ್ತು ಬೆಳಿಗ್ಗೆ ಹಾಲು ತರೋಕೆ ಗೇಟು ತೆಗೆದೆ. ಎದುರು ಮನೆ ಕಾಕಾ ತಮ್ಮ ಕರಿ ಕಾರಿನ ಬಾನೆಟ್ ಮೇಲೆ ಅರ್ಧ ಮಲಗಿದ್ದರು. ಕೈಯಲ್ಲಿ ಹಳೇ ಬನಿಯನ್. ಬಕೆಟ್ ಇಲ್ಲ, ನೀರಿಲ್ಲ. ರಾತ್ರಿ ಬೀಸಿದ ಗಾಳಿಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ಆ ಧೂಳಿನ ಮೇಲೇ ಒಣ ಬನಿಯನ್ ಗುಂಡಗೆ ತಿರುಗುತ್ತಿತ್ತು. ನಡುನಡುವೆ ಬಾಯಿಂದ "ಹಾ" ಅಂತ ಉಸಿರು ಬಿಟ್ಟು, ಮತ್ತೆ ತಿಕ್ಕಾಟ.

"ಹೆಂಗ ಹೊಳಿಯಾಕತ್ತೈತಿ ನೋಡ್ಪಾ. ನಿನ್ನೆ ಮೂರನೇ ಸಲ ಪಾಲಿಶ್ ಹೊಡಿಸ್ಕೊಂಡು ಬಂದೆ" ಅಂದರು.

ಕಾರು ತಗೊಂಡು ಇನ್ನೂ ವರ್ಷ ತುಂಬಿಲ್ಲ.

ಗೆಳೆಯರಿಗೆ ಗೊತ್ತು, ಬೇರೆ ವಿಷಯದಲ್ಲಿ ನಾನು ಸಾಧು ಮನುಷ್ಯ. ಗಿರ್ಮಿಟ್‌ಗೆ ಉಳ್ಳಾಗಡ್ಡಿ ಕಡಿಮೆ ಹಾಕಿದ್ರೂ ಸುಮ್ನೆ ತಿಂದು ಎದ್ದು ಬರ್ತೀನಿ. ಆದರೆ ಈ 'ಪಾಲಿಶ್' ಅನ್ನೋ ಮಾತು ಕೇಳಿದ್ರೆ ನೆತ್ತಿಗೇರುತ್ತದೆ. ಯಾಕಂದ್ರೆ ನಮ್ಮ ಊರಲ್ಲಿ ಕಾರಿಗೆ ಏನೇ ಹಚ್ಚಿದ್ರೂ ಪಾಲಿಶ್. ಉಜ್ಜಿದ್ರೂ ಪಾಲಿಶ್, ಮೇಣ ಹಚ್ಚಿದ್ರೂ ಪಾಲಿಶ್, ಟಯರಿಗೆ ಕರಿ ನೀರು ಬಳಿದ್ರೂ ಪಾಲಿಶ್. ಅಂಗಡಿಯವರಿಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಆಯಿಗೆ ಈ ಗೊಂದಲ ಇರಲಿಲ್ಲ. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ರೆ ಹೊರಗೆ ಹೊಳಪು ಬರುತ್ತೆ. ಆದರೆ ಒಳಗೆ ಹುಳಿ ಕೆಡಬಾರದು ಅಂದ್ರೆ ಕಲಾಯಿ ಬೇಕು. ಓಣಿಯಲ್ಲಿ "ಕಲಾಯೀ..." ಅಂತ ಕೂಗು ಬಂದ ಕೂಡಲೇ ಪಾತ್ರೆಗಳೆಲ್ಲ ಕಟ್ಟೆಗೆ ಬರುತ್ತಿದ್ದವು. ಅವನು ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದ್ರೆ ಒಳಗೆಲ್ಲ ಬೆಳ್ಳಿ ಬೆಳ್ಳಿ. ತಿಕ್ಕೋದು ಬೇರೆ, ಕಲಾಯಿ ಬೇರೆ. ತಿಕ್ಕಿದ್ರೆ ಪಾತ್ರೆ ಸವೆಯುತ್ತೆ. ಕಲಾಯಿ ತಾನು ಸವೆದು ಪಾತ್ರೆ ಉಳಿಸುತ್ತೆ.

ಕಾರಿನಲ್ಲೂ ಇಷ್ಟೇ ಕತೆ. ಪಾಲಿಶ್ ಅಂದ್ರೆ ತಿಕ್ಕೋದು. ಅದರಲ್ಲಿ ನುಣ್ಣನೆಯ ಉಜ್ಜುವ ಪುಡಿ ಇರುತ್ತೆ, ಅದು ಮೇಲಿನ ಪದರವನ್ನು ಕೆರೆದು ಸಮ ಮಾಡುತ್ತೆ. ವ್ಯಾಕ್ಸ್ ಅನ್ನೋ ಮೇಣ, ಸೀಲೆಂಟ್, ಸೆರಾಮಿಕ್ ಕೋಟಿಂಗ್, ಇವು ಮೇಲೆ ಕೂತು ಕಾಯೋ ಲೇಪ, ಅಂದ್ರೆ ಕಲಾಯಿ. ಕಾಕಾ ಒಂದು ವರ್ಷದೊಳಗೆ ಮೂರು ಸಲ ದುಡ್ಡು ಕೊಟ್ಟು ತಮ್ಮ ಹೊಸ ಕಾರನ್ನು ಕೆರೆಸಿಕೊಂಡು ಬಂದಿದ್ದಾರೆ. ಕಲಾಯಿ ಒಂದು ಸಲವೂ ಆಗಿಲ್ಲ. ಬಿಲ್ಲಿನಲ್ಲಿ ನೋಡಿದೆ, 'ರಬ್ಬಿಂಗ್ ಆಂಡ್ ಪಾಲಿಶ್' ಅಂತ ನೀಟಾಗಿ ಬರೆದಿದ್ದಾರೆ. ಪಾಪ, ಸುಳ್ಳೇನೂ ಹೇಳಿಲ್ಲ.

ಕೆರೆಯೋಕೆ ಅಲ್ಲಿ ಇರೋದಾದ್ರೂ ಎಷ್ಟು? ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ. ನಾವು ಹೊಳಪು ಅನ್ನೋದು ಆ ಕ್ಲಿಯರ್ ಕೋಟ್‌ನದ್ದು. ಬಿಸಿಲಿನಿಂದ ಬಣ್ಣ ಕಾಯೋದೂ ಅದೇ. ಅದರ ದಪ್ಪ ಸುಮಾರು 40–50 ಮೈಕ್ರಾನ್. 1 ಮಿಲಿಮೀಟರ್ ಅಂದ್ರೆ 1000 ಮೈಕ್ರಾನ್, ಲೆಕ್ಕ ಹಾಕಿಕೊಳ್ಳಿ. ಮೆಷಿನ್ ಹಿಡಿದು ಜೋರಾಗಿ ಉಜ್ಜಿದ್ರೆ ಒಂದೊಂದು ಸಲಕ್ಕೆ ಕೆಲವು ಮೈಕ್ರಾನ್ ಹೋಗುತ್ತೆ. ಹೋದದ್ದು ಮತ್ತೆ ಬೆಳೆಯೋಕೆ ಅದೇನು ಉಗುರಲ್ಲ.

ಹಾಗಾದ್ರೆ ಮೂರು ಮೂರು ಸಲ ಯಾಕೆ ಹೋಗಬೇಕಾಯ್ತು? ಬನಿಯನ್! ಧಾರವಾಡದ ಕೆಂಪು ಮಣ್ಣು, ಹುಬ್ಬಳ್ಳಿಯ ಕರಿ ಮಣ್ಣು, ರಸ್ತೆ ಕೆಲಸದ ಮರಳು ಎಲ್ಲ ಸೇರಿ ಕೂತಿರೋ ಧೂಳು ಅದು. ಮರಳು ಗಾಜನ್ನೇ ಗೀರುತ್ತೆ, ಬಣ್ಣ ಯಾವ ಲೆಕ್ಕ? ಒಣ ಬಟ್ಟೆಯಿಂದ ಗುಂಡಗೆ ತಿರುಗಿಸಿದ್ರೆ ಅದು ಉಸುಕಿನ ಕಾಗದ. ಬಿಸಿಲಲ್ಲಿ ನೋಡಿ, ಕರಿ ಕಾರಿನ ಮೇಲೆ ಸೂರ್ಯನ ಸುತ್ತ ಜೇಡರ ಬಲೆ ಥರ ಗೆರೆ ಕಾಣುತ್ತೆ. ಅದನ್ನು ತೆಗೆಸೋಕೆ ಪಾಲಿಶ್. ಅಲ್ಲೂ ಕೆಲವರು ಗೆರೆ ತೆಗೆಯೋದೇ ಇಲ್ಲ, ಎಣ್ಣೆ ಎಣ್ಣೆಯಾದ ಒಂದು ಪೇಸ್ಟ್ ತುಂಬಿ ಮುಚ್ಚಿಬಿಡ್ತಾರೆ. ನಾಲ್ಕು ಸಲ ತೊಳೆದ್ರೆ ಪೇಸ್ಟ್ ಹೋಗುತ್ತೆ, ಗೆರೆ ಎದ್ದು ಬರುತ್ತೆ, ಗಿರಾಕಿಯೂ ವಾಪಸ್ ಬರ್ತಾನೆ. ಮನೆಯಲ್ಲಿ ಬನಿಯನ್, ಅಂಗಡಿಯಲ್ಲಿ ಮೆಷಿನ್. ನಡುವೆ ಸಿಕ್ಕ ಕಾರು ಸಣ್ಣಗಾಗುತ್ತಾ ಹೋಗುತ್ತೆ.

ಇಷ್ಟು ಜೋರಾಗಿ ಬರೀತಿರೋ ನಾನು ಏನು ಮಹಾ ಅಂತ ಕೇಳಬೇಡಿ, ನಾನೇ ಹೇಳ್ತೀನಿ. 2009ರಲ್ಲಿ ಅಪ್ಪನ ಕೆಂಪು ಮಾರುತಿ 800 ಹಾಳು ಮಾಡಿದವನು ನಾನೇ. ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡ್, ಅಂದ್ರೆ ಉಜ್ಜೋ ಪೇಸ್ಟ್, ತಂದು ಭಾನುವಾರ ಭಾನುವಾರ ಉಜ್ಜಿದೆ. ಬಟ್ಟೆಗೆ ಕೆಂಪು ಬಣ್ಣ ಬರ್ತಿತ್ತು. ಕೊಳೆ ಬಿಡ್ತಾ ಇದೆ ಅಂತ ಖುಷಿಪಟ್ಟು ಇನ್ನೂ ಜೋರಾಗಿ ಉಜ್ಜಿದೆ! ನಾಲ್ಕನೇ ವಾರ ಬಾನೆಟ್ ಅಂಚಿನ ಮಡಿಕೆಯಲ್ಲಿ ಬೂದು ಬಣ್ಣದ ಗೆರೆ ಕಾಣಿಸ್ತು. ಪ್ರೈಮರ್. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತೆ, ಮೊದಲು ಹೋಗೋದು ಅಲ್ಲೇ ಅನ್ನೋದು ಆಗ ಗೊತ್ತಿರಲಿಲ್ಲ. ಸಂಜೆ ಅಪ್ಪ ಬಂದು ಆ ಗೆರೆ ಮೇಲೆ ಬೆರಳಾಡಿಸಿ, "ಇದೇನೋ ತಮ್ಮಾ, ಬೂದಿ ಹಚ್ಚೀಯೇನ?" ಅಂದರು. ಅಷ್ಟೇ. ಆ ವರ್ಷ ಆಯುಧ ಪೂಜೆಗೆ ಅವ್ವ ಸರಿಯಾಗಿ ಅದೇ ಜಾಗಕ್ಕೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ಬನ್ನಿ ಕೊಡೋಕೆ ಬಂದವರಿಗೆ ಯಾರಿಗೂ ಗೊತ್ತಾಗಲಿಲ್ಲ.

"ಕಾರು ಇರೋದು ಓಡಿಸೋಕೆ, ಪೂಜೆ ಮಾಡೋಕಲ್ಲ" ಅಂತ ಈಗ ಯಾರಾದ್ರೂ ಕಮೆಂಟ್ ಹಾಕ್ತೀರಿ. ಒಪ್ಪಿದೆ. ಹಾಗಿದ್ರೆ ಪಾಲಿಶ್‌ಗೆ ದುಡ್ಡು ಕೊಡಬೇಡಿ, ಧೂಳಿನಲ್ಲೇ ಓಡಿಸಿ. ಕೂತ ಧೂಳಿಗಿಂತ ಒಣ ಬಟ್ಟೆಯಿಂದ ಒರೆಸಿದ ಧೂಳು ಜಾಸ್ತಿ ಕೆಡಿಸುತ್ತೆ. ಹಿಕ್ಕೆ ಮಾತ್ರ ಬಿಡಬೇಡಿ, ಬೇವಿನ ಮರದ ಕಾಗೆಯದ್ದು ಬಿಸಿಲಲ್ಲಿ ಒಣಗಿದ್ರೆ ಕ್ಲಿಯರ್ ಕೋಟ್ ತಿಂದುಬಿಡುತ್ತೆ. "ಪಾಲಿಶ್ ಬೇಡವೇ ಬೇಡ ಅಂತೀರಾ?" ಅನ್ನೋರಿಗೆ: ನಾಲ್ಕೈದು ವರ್ಷ ಓಡಿ ಮಂಕಾದ ಕಾರಿಗೆ ಒಂದು ಸಲ, ಕೈ ಕುದುರಿದವನ ಹತ್ತಿರ ಮಾಡಿಸಿ. ಹಲ್ಲುಜ್ಜಿದಂತೆ ಅಲ್ಲ.

ಸೆರಾಮಿಕ್‌ನವರೂ ಕಡಿಮೆಯಿಲ್ಲ. "9ಎಚ್ ರೀ, ಕಲ್ಲು ಹೊಡೆದ್ರೂ ಏನಾಗಲ್ಲ" ಅಂತಾರೆ. ಆ 9ಎಚ್ ಅನ್ನೋದು ಪೆನ್ಸಿಲ್ ಗೀಚಿ ನೋಡೋ ಪರೀಕ್ಷೆಯ ಅಂಕಿ. ಹೈವೇಯಲ್ಲಿ ಲಾರಿ ಚಕ್ರದಿಂದ ಪೆನ್ಸಿಲ್ ಹಾರಿ ಬರುತ್ತಾ? ಕೋಟಿಂಗ್ ಒಳ್ಳೆಯದೇ, ಸರಿಯಾಗಿ ಮಾಡಿದ್ರೆ ಒಂದೆರಡು ವರ್ಷ ಬರುತ್ತೆ. ಆದರೆ ಬನಿಯನ್ ಮುಂದೆ ಅದೂ ನಿಲ್ಲಲ್ಲ.

ನಾನು ಹಚ್ಚೋದು ಬರೀ ವ್ಯಾಕ್ಸ್. ಕಾರ್ನೌಬಾ ಅಂತ, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ತೊಳೆದು ಒಣಗಿಸಿ, ನೆರಳಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ ರೊಟ್ಟಿಗೆ ತುಪ್ಪ ಸವರಿದಷ್ಟು ತೆಳ್ಳಗೆ. ಮಂಜು ಕವಿದಂತೆ ಬೆಳ್ಳಗಾದಾಗ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸೋದು. ಮೇಲೆ ನೀರು ಚಿಮುಕಿಸಿದ್ರೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಮುತ್ತು ಮುತ್ತಾಗಿ ನಿಲ್ಲಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಒಂದೆರಡು ತಿಂಗಳು, ಅಷ್ಟೇ ಅದರ ಆಯಸ್ಸು. ಮತ್ತೆ ಹಚ್ಚಬೇಕು. ಒಂದು ತೊಂದರೆ ಇದೆ. ನಮ್ಮ ಓಣಿಗೆ ನಳ ಬರೋದು ಐದಾರು ದಿನಕ್ಕೊಮ್ಮೆ. ನಾನು ಶಾಂಪೂಗೆ ಒಂದು, ಬಟ್ಟೆ ಜಾಲಿಸೋಕೆ ಒಂದು, ಹೀಗೆ ಎರಡು ಬಕೆಟ್ ಹಿಡಿದು ಹೊರಗೆ ಹೋಗುವಾಗ ಹೆಂಡತಿ ನೋಡೋ ನೋಟದ ಬಗ್ಗೆ ಇಲ್ಲಿ ಬರೆಯಲ್ಲ. ಅವಳೂ ಫೇಸ್‌ಬುಕ್‌ನಲ್ಲಿದ್ದಾಳೆ.

ಇದನ್ನೆಲ್ಲ ಕಾಕಾಗೆ ಬೆಳಿಗ್ಗೆ ಅರ್ಧ ತಾಸು ಹೇಳಿದೆ. ಧೂಳಿನ ಬಟ್ಟೆ ಮುಟ್ಟಿಸಬೇಡಿ ಅಂತ ಕೈ ಮುಗಿದು, ನನ್ನ ಹತ್ತಿರ ಇದ್ದ ಹೊಸ ಮೈಕ್ರೋಫೈಬರ್ ಕೊಟ್ಟು ಬಂದೆ. ಸಂಜೆ ಆಫೀಸಿನಿಂದ ಬಂದು ನೋಡಿದ್ರೆ ಅವರ ಮನೆಯೊಳಗೆ ಮೈಕ್ರೋಫೈಬರ್‌ನಿಂದ ಟಿವಿ ಒರೆಸೋದು ನಡೆದಿತ್ತು. ಹೊರಗೆ ಕಾರಿನ ಬಾನೆಟ್ ಮೇಲೆ ಬನಿಯನ್ ಹರವಿತ್ತು, ಒದ್ದೆಯಾಗಿ.

"ನೀ ಹೇಳಿದ್ಯಲ್ಲಪಾ, ಧೂಳಿನ ಬಟ್ಟಿ ಬ್ಯಾಡ ಅಂತ" ಅಂದರು ಕಾಕಾ ಕಿಟಕಿಯಿಂದ. "ಒಗದು ಒಣಾಕ ಹಾಕೀನಿ. ನಾಳೆ ಮುಂಜಾನೆ ಒರಸ್ತೀನಿ."